ಅವಳ ಹತ್ತು ನಿಮಿಷ ಎಲ್ಲಿ ಹೋಯಿತು?

ಆಹ್ವಾನ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿತ್ತು. ಪದವಿ ವಿದ್ಯಾರ್ಥಿಗಳ ರಾಷ್ಟ್ರಮಟ್ಟದ ಸಂಶೋಧನಾ ಸಮ್ಮೇಳನ, ಸ್ವಂತ ಸಂಶೋಧನೆಗೆ ಮಾತ್ರ ಅವಕಾಶ, ಒಬ್ಬೊಬ್ಬರಿಗೆ ಹತ್ತು ನಿಮಿಷ. ನಾನು ಅದನ್ನು ನಂಬಿದೆ. ನಂಬಿ, ಪಾವಗಡ ತಾಲ್ಲೂಕಿನ ಒಬ್ಬ ಕೂಲಿಯವಳ ಮಗಳನ್ನು ನಸುಕಿನ ಬಸ್ಸಿನಲ್ಲಿ ಬೆಂಗಳೂರಿಗೆ ಕರೆದುಕೊಂಡು ಹೋದೆ. ಅವಳಿಗೆ ಸಿಕ್ಕಿದ್ದು ಮೂರು ನಿಮಿಷ. ಉಳಿದ ಏಳು ನಿಮಿಷವನ್ನು ಯಾರು ತಿಂದರು ಎಂದು ಕೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅವಳು ಮಾಡಿದ ಕೆಲಸ ಏನೆಂದು ಹೇಳುತ್ತೇನೆ. ಅಲ್ಲಿ ಯಾರೂ ಪೂರ್ತಿ ಕೇಳಿಸಿಕೊಳ್ಳಲಿಲ್ಲ, ಇಲ್ಲಾದರೂ ಪೂರ್ತಿ ಬರಲಿ.

ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಎಂಬ ಐದು ಊರುಗಳಿವೆ. ಅವುಗಳ ಸುಮಾರು 13,000 ಎಕರೆ ಹೊಲದ ಮೇಲೆ ಈಗ ಸೋಲಾರ್ ಪಾರ್ಕ್ ಹಾಸಿಕೊಂಡಿದೆ. 2018ರಲ್ಲಿ ಉದ್ಘಾಟನೆಯಾಯಿತು, 2019ರ ಕೊನೆಗೆ 2,050 ಮೆಗಾವಾಟ್‌ನ ಪೂರ್ತಿ ಸಾಮರ್ಥ್ಯಕ್ಕೆ ಬಂತು. ಸರ್ಕಾರ ರೈತರ ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಮಳೆಯಿಲ್ಲದ ಸೀಮೆಯಲ್ಲಿ ಕಡಲೆಕಾಯಿ ಬಿತ್ತಿ ಸಾಲ ಮಾಡಿಕೊಂಡಿದ್ದ ರೈತನಿಗೆ ಅದು ಸಣ್ಣ ಮಾತಲ್ಲ. ಹತ್ತು ಎಕರೆಯವನಿಗೆ ವರ್ಷಕ್ಕೆ ಎರಡು ಲಕ್ಷದ ಹತ್ತು ಸಾವಿರ. ಭೂಸ್ವಾಧೀನವಿಲ್ಲದ ಮಾದರಿ ಎಂದು ದೇಶವೆಲ್ಲ ಹೊಗಳಿತು.

ಒಂದು ಗುಂಟೆಯೂ ಇಲ್ಲದವಳಿಗೆ ಎಷ್ಟು? ಆ ಹೊಲದಲ್ಲೇ ಬಗ್ಗಿ ಕಳೆ ತೆಗೆದು, ಕಡಲೆಕಾಯಿ ಕಿತ್ತು, ಬಿಡಿಸಿ, ಅದರ ಕೂಲಿಯಲ್ಲೇ ಮಕ್ಕಳನ್ನು ಸಾಕಿದವಳಿಗೆ ಗುತ್ತಿಗೆ ಹಣದಲ್ಲಿ ಎಷ್ಟು ಪಾಲು? ನನ್ನ ವಿದ್ಯಾರ್ಥಿನಿ ಕೇಳಿದ್ದು ಇದೊಂದೇ ಪ್ರಶ್ನೆ. ಅದು ಪುಸ್ತಕದಿಂದ ಎತ್ತಿಕೊಂಡ ಪ್ರಶ್ನೆಯಲ್ಲ. ಅವಳ ಅವ್ವ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುವುದು ನಿಂತಾಗ ಮನೆಯಲ್ಲಿ ಹುಟ್ಟಿದ ಪ್ರಶ್ನೆ.

ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ನಾನು ಅವಳಿಗೆ ಅರ್ಥಶಾಸ್ತ್ರ ಹೇಳುವ ಅತಿಥಿ ಉಪನ್ಯಾಸಕ. ಇಂಥದ್ದೊಂದು ಬರೆಯಬೇಕು ಸಾರ್ ಎಂದಾಗ, ದಾಖಲೆ ಎಲ್ಲಿಂದ ತರುತ್ತೀಯಮ್ಮ ಎಂದೆ. ಕೂಲಿಯವರ ಹತ್ತಿರ ದಾಖಲೆ ಇರುವುದಿಲ್ಲ. ಗುತ್ತಿಗೆ ಕೊಟ್ಟವನ ಹತ್ತಿರ ಕರಾರು ಪತ್ರ ಇದೆ, ಪಾಸ್‌ಬುಕ್ ಇದೆ. ಕಳೆ ತೆಗೆದವಳ ಹತ್ತಿರ ಬೆನ್ನುನೋವು ಇದೆ. ಏಳೆಂಟು ವರ್ಷದ ಹಿಂದೆ ವರ್ಷದಲ್ಲಿ ಎಷ್ಟು ದಿನ ಕೂಲಿ ಸಿಗುತ್ತಿತ್ತು ಎಂದು ಕೇಳಿದರೆ ಯಾರಿಗೆ ನೆನಪಿರುತ್ತದೆ?

ಅವಳು ದಿನಗಳನ್ನು ಕೇಳಲೇ ಇಲ್ಲ. ನಿಮ್ಮ ಕಿರಿಮಗ ಹುಟ್ಟಿದ ವರ್ಷ ಯುಗಾದಿಯ ಹೊತ್ತಿಗೆ ಯಾರ ಹೊಲದಲ್ಲಿದ್ದಿರಿ ಎಂದು ಕೇಳಿದಳು. ಮಾರಮ್ಮನ ಜಾತ್ರೆಗೆ ಮೊದಲು ಯಾರ ಕಳೆ, ಜಾತ್ರೆ ಆದಮೇಲೆ ಯಾರ ಕಳೆ ಎಂದು ಕೇಳಿದಳು. ಹೆರಿಗೆ, ಸಾವು, ಮದುವೆ, ಜಾತ್ರೆ ಇವನ್ನೇ ಗೂಟ ಮಾಡಿ ಹೊಡೆದುಕೊಂಡು, ಒಂದು ಗೂಟದಿಂದ ಇನ್ನೊಂದಕ್ಕೆ ಹಗ್ಗ ಎಳೆದ ಹಾಗೆ ಕೂಲಿಯ ದಿನಗಳನ್ನು ಅಳೆದಳು. ಬದುಕಿನ ಘಟನೆಗಳನ್ನು ಹಿಡಿದು ನೆನಪನ್ನು ತೆಗೆಯುವ ಈ ದಾರಿಗೆ ಸಮಾಜವಿಜ್ಞಾನದಲ್ಲಿ ಹೆಸರಿದೆ, ಅದರ ಬಗ್ಗೆ ದೊಡ್ಡ ದೊಡ್ಡವರು ಬರೆದಿದ್ದಾರೆ. ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನಂತೂ ಹೇಳಿಕೊಟ್ಟಿರಲಿಲ್ಲ. ಅವಳ ಕೇರಿಯಲ್ಲಿ ಕಾಲವನ್ನು ಎಣಿಸುವುದೇ ಹಾಗೆ.

ಇನ್ನೊಂದು ಕೆಲಸ ಮಾಡಿದಳು. ಊರಿನ ಚಿಲ್ಲರೆ ಅಂಗಡಿಯ ಸಾಲದ ಪುಸ್ತಕ. ಒಂದೊಂದು ಮನೆಯವರನ್ನೂ ಕೇಳಿ, ಒಪ್ಪಿದವರ ಪುಟವನ್ನು ಮಾತ್ರ ನೋಡಿದಳು. ಹಳೆಯ ಪುಸ್ತಕಗಳಲ್ಲಿ ಕಡಲೆಕಾಯಿ ಸುಗ್ಗಿಯ ಹೊತ್ತಿಗೆ ಸಾಲದ ಮೇಲೆ ಗೆರೆ ಬೀಳುತ್ತಿತ್ತು. ಹೊಸ ಪುಸ್ತಕಗಳಲ್ಲಿ ಆ ಗೆರೆ ಇಲ್ಲ. ಸುಗ್ಗಿಯೇ ಇಲ್ಲದ ಮೇಲೆ ಸಾಲ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಸಾಗುತ್ತಾ ಹೋಗಿದೆ. ಜನ ಬಾಯಲ್ಲಿ ಹೇಳಿದ್ದನ್ನು ಅವಳು ಅಂಗಡಿಯ ಪುಸ್ತಕಕ್ಕೆ ಒರೆಹಚ್ಚಿ ನೋಡಿದ್ದಳು. ನೆನಪು ತಪ್ಪಿದ್ದ ಕಡೆ ತಿದ್ದಿಕೊಂಡಿದ್ದಳು. ಇದು ಸಂಶೋಧನೆ ಅಲ್ಲದಿದ್ದರೆ ಸಂಶೋಧನೆ ಎನ್ನುವುದು ಇನ್ಯಾವುದು?

ಆ ಸಾಲದ ಪುಸ್ತಕದ ಮಾತನ್ನು ಮಂಡನೆಯಲ್ಲಿ ಕೈಬಿಡು ಎಂದು ಹೇಳಿದವನು ನಾನೇ. ಬೆಂಗಳೂರಿನವರು ಅಂಗಡಿ ಲೆಕ್ಕ ಅಂದರೆ ನಗುತ್ತಾರೆ ಎಂದು ಹೆದರಿದೆ. ಅದರ ಬದಲು ವಿಶ್ವಬ್ಯಾಂಕಿನ ವರದಿಯ ಎರಡು ಸಾಲು ಸೇರಿಸು ಎಂದೆ. ಈ ಕೋಪದಲ್ಲಿ ಒಂದು ಪಾಲು ನನ್ನ ಮೇಲೂ ಇದೆ. ಹೀಗೆ ಹೆದರುವುದನ್ನು ನನಗೆ ಕಲಿಸಿದ್ದು ಇದೇ ವ್ಯವಸ್ಥೆ. ನಾನು ಕಲಿತದ್ದನ್ನು ಅವಳಿಗೂ ದಾಟಿಸುವುದರಲ್ಲಿದ್ದೆ.

ಅವಳ ಮನೆಮಾತು ತೆಲುಗು. ಪಾವಗಡದ ಮೂರು ದಿಕ್ಕಿಗೂ ಆಂಧ್ರ, ತಾಲ್ಲೂಕಿನ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಅವಳು ಜನರನ್ನು ತೆಲುಗಿನಲ್ಲಿ ಕೇಳಿದಳು, ಕನ್ನಡದಲ್ಲಿ ಬರೆದುಕೊಂಡಳು, ಕನ್ನಡದಲ್ಲೇ ಪ್ರಬಂಧ ಸಿದ್ಧ ಮಾಡಿದಳು. ಸಮ್ಮೇಳನದವರು ಇಂಗ್ಲಿಷಿನಲ್ಲೇ ಇರಬೇಕು ಎಂದರು. ಕರ್ನಾಟಕದ ರಾಜಧಾನಿಯಲ್ಲಿ, ಕರ್ನಾಟಕದ ಒಂದು ಹೋಬಳಿಯ ಕೂಲಿಯ ಬಗ್ಗೆ, ಕರ್ನಾಟಕದ ಒಬ್ಬ ವಿದ್ಯಾರ್ಥಿನಿ ಮಾತಾಡುವುದಕ್ಕೆ ಕನ್ನಡ ಆಗುವುದಿಲ್ಲ! ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಪತ್ರಿಕೆಯನ್ನು ಕನ್ನಡದಲ್ಲಿ ತಂದದ್ದು 1918ರಲ್ಲಿ. ಸಂಶೋಧನೆಗೆಂದೇ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದು 1991ರಲ್ಲಿ. ಇಷ್ಟೆಲ್ಲ ಆದಮೇಲೂ ನಮ್ಮ ಮಕ್ಕಳು ತಾವು ಕಂಡದ್ದನ್ನು ಹೇಳಲು ಬೇರೆಯವರ ಬಾಯಿ ಸಾಲ ಕೇಳಬೇಕು. ಹದಿನೈದು ದಿನ ನಾವಿಬ್ಬರೂ ಕೂತು, ಸುಗ್ಗಿ ಮುಗಿದ ಹೊಲದಲ್ಲಿ ಆಯುವ ‘ಹಕ್ಕಲು’, ದುಡಿಮೆಗೆ ಬದಲು ದುಡಿಮೆ ಕೊಡುವ ‘ಮುಯ್ಯಾಳು’ ಎಂಬ ಮಾತುಗಳಿಗೆ ಇಂಗ್ಲಿಷ್ ಹುಡುಕಿದೆವು. ಸಿಗದ ಕಡೆ ಆ ವಾಕ್ಯವನ್ನೇ ತೆಗೆದೆವು. ಹೀಗೆ ತೆಗೆಯುತ್ತಾ ತೆಗೆಯುತ್ತಾ ಅವಳ ಪ್ರಬಂಧದಿಂದ ಅವಳ ಊರೇ ಅರ್ಧ ಹೊರಗೆ ಹೋಯಿತು.

ನೋಂದಣಿ ಶುಲ್ಕ 700 ರೂಪಾಯಿ. ಅದು 2024-25ನೇ ಸಾಲು. ಆ ವರ್ಷ ಕರ್ನಾಟಕದಲ್ಲಿ ನರೇಗಾ ಕೂಲಿ ದಿನಕ್ಕೆ 349 ರೂಪಾಯಿ. ಅಂದರೆ ಅವಳ ಅವ್ವ ಎರಡು ದಿನ ಮಣ್ಣು ಹೊತ್ತರೂ ಮಗಳು ಬಾಯಿ ತೆರೆಯುವುದಕ್ಕೆ ಬೇಕಾದ ದುಡ್ಡಿಗೆ ಎರಡು ರೂಪಾಯಿ ಕಡಿಮೆ ಬೀಳುತ್ತದೆ. ಶಕ್ತಿ ಯೋಜನೆ ಇದ್ದದ್ದರಿಂದ ಅವಳಿಗೆ ಬಸ್ ಚಾರ್ಜು ಉಳಿಯಿತು. ಜ್ಞಾನವನ್ನು ತಂದುಕೊಡುವವಳ ಹತ್ತಿರವೇ ದುಡ್ಡು ಇಸಿದುಕೊಳ್ಳುತ್ತೀರಲ್ಲ, ಇದು ಯಾವ ನ್ಯಾಯ? ಹಾಲು ಹಾಕುವವನು ಡೈರಿಗೆ ದುಡ್ಡು ಕಟ್ಟುತ್ತಾನೆಯೇ?

ಆ ದಿನ ಬೆಳಿಗ್ಗೆ ಹತ್ತಕ್ಕೆ ಶುರುವಾಗಬೇಕಿದ್ದ ಕಾರ್ಯಕ್ರಮ ಹನ್ನೊಂದೂಮುಕ್ಕಾಲಕ್ಕೆ ಶುರುವಾಯಿತು, ಮುಖ್ಯ ಅತಿಥಿ ಬಂದಿರಲಿಲ್ಲ. ವೇದಿಕೆಯ ಮೇಲೆ ಹನ್ನೊಂದು ಜನ. ಒಬ್ಬೊಬ್ಬರಿಗೂ ಪೇಟ, ಶಾಲು, ಹಣ್ಣಿನ ಬುಟ್ಟಿ, ಒಬ್ಬೊಬ್ಬರ ಪರಿಚಯ, ಒಬ್ಬೊಬ್ಬರ ಎರಡು ಮಾತು. ಕೆಲವರ ಆ ಎರಡು ಮಾತಿಗೆ ಇಪ್ಪತ್ತು ನಿಮಿಷ. ಯುವಜನರೇ ದೇಶದ ಭವಿಷ್ಯ ಎಂದು ನಾಲ್ವರು ಹೇಳಿದರು. ಆ ಯುವಜನರು ಮಧ್ಯಾಹ್ನ ಎರಡು ಗಂಟೆಯವರೆಗೆ ಚಪ್ಪಾಳೆ ತಟ್ಟುವ ಕೈಗಳಾಗಿ ಕೂತಿದ್ದರು. ಊಟವಾಗಿ ಗೋಷ್ಠಿಗಳು ಶುರುವಾದಾಗ ಮೂರು ದಾಟಿತ್ತು. ನಮ್ಮ ಕೋಣೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು, ಐದಕ್ಕೆ ಸಮಾರೋಪ. ಅಧ್ಯಕ್ಷತೆ ವಹಿಸಿದ್ದವರು ಗಡಿಯಾರ ನೋಡಿ, ಎಲ್ಲರೂ ಮೂರು ಮೂರು ನಿಮಿಷದಲ್ಲಿ ಮುಗಿಸಿ, ಸಾರಾಂಶ ಹೇಳಿದರೆ ಸಾಕು ಎಂದರು. ಅವಳ ಏಳು ನಿಮಿಷ ಹೋಗಿದ್ದು ಅಲ್ಲಿಗೆ, ಆ ಪೇಟ ಶಾಲುಗಳ ಮಡಿಕೆಗೆ.

ಅವಳು ಎದ್ದು ನಿಂತಳು. ಇಂಗ್ಲಿಷಿನಲ್ಲಿ ಎರಡು ವಾಕ್ಯ ಹೇಳಿದಳು, ಮೂರನೆಯದು ಬರಲಿಲ್ಲ. ಸಾರ್, ಕನ್ನಡದಲ್ಲಿ ಹೇಳ್ತೀನಿ ಎಂದಳು. ಉತ್ತರಕ್ಕೆ ಕಾಯದೆ ಹೇಳಲು ಶುರುಮಾಡಿದಳು. ಮಾತು ಈಗ ಹಿಡಿಯಿತು ಅನ್ನುವಷ್ಟರಲ್ಲಿ ಗಂಟೆ ಬಾರಿಸಿದರು. ಆಮೇಲೆ ಅಧ್ಯಕ್ಷರ ಪ್ರಶ್ನೆಗಳು.

“ಸ್ಯಾಂಪಲ್ ಸೈಜ್ ಎಷ್ಟು?”

“ಸ್ಯಾಂಪಲ್ ಇಲ್ಲ ಸಾರ್. ನಮ್ಮ ಕೇರಿಯ ಎಲ್ಲಾ ಮನೆಗೂ ಹೋಗಿದೀನಿ. ಬಿಟ್ಟಿರೋ ಮನೆ ಇಲ್ಲ.”

“ಸ್ಯಾಂಪಲ್ ಇಲ್ಲದೆ ಸಂಶೋಧನೆ ಹೇಗಮ್ಮಾ ಆಗುತ್ತೆ?”

ಎಲ್ಲರನ್ನೂ ಕೇಳಲು ಆಗದಿದ್ದಾಗ ಕೆಲವರನ್ನು ಆರಿಸಿಕೊಳ್ಳುವುದು ಸ್ಯಾಂಪಲ್. ಎಲ್ಲರನ್ನೂ ಕೇಳಿದವಳಿಗೆ ಅದು ಯಾಕೆ ಬೇಕು? ಇದು ಪಿಯುಸಿಯ ಸಂಖ್ಯಾಶಾಸ್ತ್ರ. ಮಗುವಿನ ಮುಂದೆ ಜ್ಞಾನದ ಬಾಗಿಲು ಕಾಯಲು ಕೂತವರಿಗೆ ಅಷ್ಟೂ ತಿಳಿದಿರಲಿಲ್ಲ. ತಿಳಿಯದ್ದನ್ನು ತಿಳಿಯದು ಎನ್ನುವ ಸಂಕೋಚವೂ ಇರಲಿಲ್ಲ.

ಎರಡನೆಯ ಪ್ರಶ್ನೆ ನನ್ನ ಎದೆಗೆ ನಾಟಿತು. “ಇದರಲ್ಲಿ ನಿಮ್ಮ ತಾಯಿಯೂ ಇದ್ದಾರೆ ಅಂತೀಯ. ಹಾಗಾದ್ರೆ ಇದು ವಸ್ತುನಿಷ್ಠ ಹೇಗಾಯ್ತು?”

ಅವಳು ತಲೆ ತಗ್ಗಿಸಿದಳು.

ಜಮೀನ್ದಾರರ ಮನೆಯಲ್ಲಿ ಹುಟ್ಟಿ ಗೇಣಿಯ ಇತಿಹಾಸ ಬರೆದವರನ್ನು ಹೀಗೆ ಕೇಳಿದ್ದೀರಾ? ಅಗ್ರಹಾರದಲ್ಲಿ ಹುಟ್ಟಿ ಅಗ್ರಹಾರದ ಶಾಸನ ಓದಿದವರನ್ನು ನಿಮ್ಮ ತಾತನೂ ಇದರಲ್ಲಿದ್ದಾರಲ್ಲ ಎಂದು ತಡೆದಿದ್ದೀರಾ? ಉಂಡವನು ಊಟದ ಬಗ್ಗೆ ಬರೆದರೆ ವಿದ್ವತ್ತು. ಹಸಿದವಳು ಹಸಿವಿನ ಬಗ್ಗೆ ಬರೆದರೆ ಪಕ್ಷಪಾತ. ಈ ತಕ್ಕಡಿಯನ್ನು ನಾವು ಒಪ್ಪುವುದಿಲ್ಲ.

1916ರ ಮೇ 9ರಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ಎಂಬ ಮಾನವಶಾಸ್ತ್ರಜ್ಞರ ಸೆಮಿನಾರಿನಲ್ಲಿ, 25 ವರ್ಷದ ಒಬ್ಬ ವಿದ್ಯಾರ್ಥಿ ಪ್ರಬಂಧ ಓದಿದ. ಜಾತಿಯ ಹುಟ್ಟು ಯಾವುದರಲ್ಲಿದೆ ಎಂಬುದು ವಿಷಯ. ಜಾತಿಯೊಳಗೇ ಮದುವೆ ಎಂಬ ಕಟ್ಟೇ ಜಾತಿಯ ಜೀವ, ಸತಿ, ವಿಧವೆಯ ಮೇಲಿನ ನಿರ್ಬಂಧ, ಎಳೆ ಹುಡುಗಿಯರ ಮದುವೆ ಎಲ್ಲವೂ ಆ ಕಟ್ಟನ್ನು ಕಾಯುವ ಉಪಾಯಗಳು ಎಂದು ಅವನು ತೋರಿಸಿದ. ರಿಸ್ಲಿ, ಸೆನಾರ್ ಮುಂತಾದ ಆ ಕಾಲದ ಘಟಾನುಘಟಿಗಳ ವಾದವನ್ನು ಹೆಸರು ಹಿಡಿದು ಪ್ರಶ್ನಿಸಿದ. ಮರುವರ್ಷ ಅದು ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾಯಿತು. ಆ ವಿದ್ಯಾರ್ಥಿ ಭೀಮರಾವ್ ರಾಮ್‌ಜಿ ಅಂಬೇಡ್ಕರ್. ಅಸ್ಪೃಶ್ಯನೊಬ್ಬ ಜಾತಿಯ ಬಗ್ಗೆ ಬರೆದರೆ ಅದು ವಸ್ತುನಿಷ್ಠ ಹೇಗೆ ಎಂದು ಕೇಳಿ ಅಂದು ಗಂಟೆ ಬಾರಿಸಿದ್ದರೆ? ಇಂದಿಗೂ ಜಾತಿಯನ್ನು ಅರ್ಥ ಮಾಡಿಕೊಳ್ಳಲು ಜಗತ್ತು ತೆರೆಯುವ ಪುಟಗಳು ಒಬ್ಬ ವಿದ್ಯಾರ್ಥಿಯ ಸೆಮಿನಾರ್ ಪೇಪರ್.

ಅದಕ್ಕೂ ಅರವತ್ತೊಂದು ವರ್ಷ ಹಿಂದೆ, 1855ರಲ್ಲಿ, ಪುಣೆಯ ಫುಲೆ ದಂಪತಿಯ ಶಾಲೆಯಲ್ಲಿ ಓದುತ್ತಿದ್ದ ಮುಕ್ತಾಬಾಯಿ ಎಂಬ ಮಾಂಗ್ ಹುಡುಗಿ ಮಾಂಗ್ ಮತ್ತು ಮಹಾರರ ದುಃಖದ ಬಗ್ಗೆ ಪ್ರಬಂಧ ಬರೆದಳು. ‘ಜ್ಞಾನೋದಯ’ ಪತ್ರಿಕೆ ಅದನ್ನು ಅಚ್ಚು ಹಾಕಿತು. ಅವಳಿಗೆ ಪದವಿಯೂ ಇರಲಿಲ್ಲ, ಮಾರ್ಗದರ್ಶಕರ ಪ್ರಮಾಣ ಪತ್ರವೂ ಇರಲಿಲ್ಲ. ಕಂಡದ್ದಿತ್ತು, ಉಂಡದ್ದಿತ್ತು, ಬರೆಯಲು ಕಲಿಸಿದ ಒಬ್ಬ ಗುರು ಇದ್ದರು. ನಮ್ಮ ಮಕ್ಕಳ ಪರಂಪರೆ ಇದು. ದೊಡ್ಡವರು ಕರುಣೆಯಿಂದ ತೆರೆದುಕೊಟ್ಟ ಹೊಸ ಅವಕಾಶ ಎಂಬಂತೆ ಇದನ್ನು ನಮಗೆ ತೋರಿಸಬೇಡಿ.

ಅವತ್ತು ನಮ್ಮ ಕೋಣೆಯಲ್ಲಿ ಉತ್ತಮ ಮಂಡನೆಯ ಬಹುಮಾನ ಪಡೆದ ಹುಡುಗನ ಬಗ್ಗೆಯೂ ಹೇಳಬೇಕು. ಮಹಿಳಾ ಸಬಲೀಕರಣದ ಮೇಲೆ ನಿರರ್ಗಳ ಇಂಗ್ಲಿಷಿನಲ್ಲಿ ಓದಿದ. ಸ್ಲೈಡುಗಳು ಮಿರಿಮಿರಿ ಮಿಂಚುತ್ತಿದ್ದವು. ಹಿಂದಿನ ಸಾಲಿನಿಂದ ನಾನು ಒಂದೇ ಒಂದು ಕೇಳಿದೆ, ನೀನು ಮಾತಾಡಿಸಿದ ಒಬ್ಬ ಹೆಂಗಸಿನ ಬಗ್ಗೆ ಹೇಳಪ್ಪಾ ಎಂದು. ಅವನು ಯಾರನ್ನೂ ಮಾತಾಡಿಸಿರಲಿಲ್ಲ. ಹೊರಗೆ ಬಂದು ಅಳುವ ದನಿಯಲ್ಲಿ, ಅದನ್ನು ನಮ್ಮ ಸರ್ರೇ ಬರೆದುಕೊಟ್ಟಿದ್ದು ಸರ್, ಓದು ಅಂದ್ರು ಓದಿದೆ ಎಂದ. ಆ ಹುಡುಗನ ಮೇಲೆ ನನಗೆ ಒಂದಿಷ್ಟೂ ಸಿಟ್ಟಿಲ್ಲ. ಅವನೂ ಮೋಸ ಹೋದವನೇ. ಇಪ್ಪತ್ತು ವರ್ಷದ ಮಗನ ಕೈಗೆ ಕದ್ದ ಮಾಲು ಕೊಟ್ಟು, ಇದೇ ಸಂಶೋಧನೆ ಎಂದು ನಂಬಿಸಿ, ಅದರ ಮೇಲೆ ಬಹುಮಾನದ ಮುದ್ರೆ ಒತ್ತಿದವರ ಮೇಲೆ ನನ್ನ ಸಿಟ್ಟು.

ಇದು ಒಬ್ಬ ಕೆಟ್ಟ ಮೇಷ್ಟ್ರ ಕತೆ ಎಂದು ತಳ್ಳಿಹಾಕುವ ಹಾಗಿಲ್ಲ. 2010ರ ಯುಜಿಸಿ ನಿಯಮಗಳು ಬಂದಮೇಲೆ ಅಧ್ಯಾಪಕರ ಬಡ್ತಿ ಅಂಕಗಳ ಲೆಕ್ಕಕ್ಕೆ ಬಿತ್ತು. ಪ್ರಬಂಧಕ್ಕೆ ಇಷ್ಟು, ಸಮ್ಮೇಳನಕ್ಕೆ ಇಷ್ಟು. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್‌ಗೆ ತೋರಿಸಲು ಸಂಶೋಧನೆಯ ಫೈಲು ದಪ್ಪ ಇರಬೇಕು. ಸಮ್ಮೇಳನ ನಡೆಸಿದ ಫೋಟೊ, ಬಂದವರ ಸಹಿ, ಐಎಸ್‌ಬಿಎನ್ ಹಾಕಿದ ಪುಸ್ತಕ ಎಲ್ಲವೂ ಆ ಫೈಲಿಗೆ ಹೋಗುತ್ತವೆ. ಮಕ್ಕಳು ಆ ಫೈಲು ತುಂಬುವ ಕೂಲಿಯಾಳುಗಳು. ನನ್ನ ವಿದ್ಯಾರ್ಥಿನಿಯ ಪ್ರಬಂಧ ಅವರ ಪುಸ್ತಕದಲ್ಲಿ ಅಚ್ಚಾಗಿ ಬಂದಾಗ ಮೊದಲ ಹೆಸರು ನನ್ನದಿತ್ತು. ನಾನು ಹಾಕು ಎಂದಿರಲಿಲ್ಲ. ಕೇಳಿದರೆ, ವಿದ್ಯಾರ್ಥಿಗಳ ಹೆಸರು ಮೊದಲು ಹಾಕುವ ಪದ್ಧತಿ ನಮ್ಮಲ್ಲಿಲ್ಲ ಸರ್ ಎಂದರು. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ಮಾಡಿದೆ. ಹೋಲಿಕೆ ನೂರಕ್ಕೆ ಹತ್ತು ದಾಟಿದರೆ ತಪ್ಪು, ಅರವತ್ತು ದಾಟಿದರೆ ಘೋರ ತಪ್ಪು. ಅಕ್ಷರ ಕದ್ದದ್ದನ್ನು ಅಳೆಯಲು ಯಂತ್ರ ಇದೆ. ಒಬ್ಬ ಹುಡುಗಿ ಮನೆಮನೆ ತಿರುಗಿ ಮಾಡಿದ ದುಡಿಮೆಯ ಮೇಲೆ ದೊಡ್ಡವನ ಹೆಸರು ಕೂತದ್ದನ್ನು ಯಾವ ಯಂತ್ರ ಅಳೆಯುತ್ತದೆ?

ಇನ್ನು ನೀತಿಗಳು. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ದೇಶದಲ್ಲೇ ಮೊದಲು ಜಾರಿ ಮಾಡಿದೆವು ಎಂದು ನಮ್ಮ ರಾಜ್ಯ 2021ರಲ್ಲಿ ಹೇಳಿಕೊಂಡಿತು. ನಾಲ್ಕು ವರ್ಷದ ಪದವಿ, ಕೊನೆಯ ವರ್ಷ ಸಂಶೋಧನೆ. ಆ ಸಂಶೋಧನೆಗೆ ಯಾರು ಅರ್ಹರು? ಮೊದಲ ಆರು ಸೆಮಿಸ್ಟರಿನಲ್ಲಿ ನೂರಕ್ಕೆ 75 ತೆಗೆದವರು ಎಂದಿತು ಯುಜಿಸಿಯ ಚೌಕಟ್ಟು. ನೋಟ್ಸು ಉರು ಹೊಡೆದು ಪರೀಕ್ಷೆ ಬರೆದವನಿಗೆ ಪ್ರಶ್ನೆ ಕೇಳುವ ಹಕ್ಕು. ಕಡಲೆಕಾಯಿ ಸುಗ್ಗಿಗೆ ತರಗತಿ ತಪ್ಪಿಸಿ ಕೂಲಿಗೆ ಹೋಗಿ 60 ತೆಗೆದವಳಿಗೆ ಆ ಹಕ್ಕಿಲ್ಲ. ಆಮೇಲೆ ಬಂದ ಸರ್ಕಾರ 2024ರಲ್ಲಿ ನೀತಿ ಬದಲಿಸಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ವರ್ಷ ಕೂಡಿಸುವುದು, ಕಳೆಯುವುದು ಇದರಲ್ಲೇ ಎರಡೂ ಕಡೆಯವರು ಮುಳುಗಿದ್ದಾರೆ. ಒಂದು ತಾಲ್ಲೂಕು ಕಾಲೇಜಿನ ಹುಡುಗಿ ತನ್ನ ಪ್ರಶ್ನೆ ಹಿಡಿದು ಬಂದರೆ ಅವಳ ಜೊತೆ ಕೂರಲು ಅಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳುವುದಿಲ್ಲ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಪಾಠದ ಹೊರೆ ಹೊತ್ತಿದ್ದೇವೆ. ಬರುವ ವರ್ಷ ನಾನು ಅದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ. ಅವಳಿಗೆ ಎರಡು ವರ್ಷದ ಮಾರ್ಗದರ್ಶನ ಮಾಡುತ್ತೇನೆ ಎಂದು ಯಾವ ಬಾಯಲ್ಲಿ ಮಾತು ಕೊಡಲಿ?

ನಮಗೆ ರಿಯಾಯಿತಿ ಬೇಡ. ಅವತ್ತು ಸಮಾರೋಪದಲ್ಲಿ ಒಬ್ಬರು ಅವಳ ತಲೆ ಸವರಿ, ಹಳ್ಳಿಯಿಂದ ಬಂದು ಇಷ್ಟು ಧೈರ್ಯವಾಗಿ ಮಾತಾಡಿದೆಯಲ್ಲ ಮರಿ, ಶಹಬ್ಬಾಸ್ ಎಂದರು. ಆ ಸವರಿಕೆ ಗಂಟೆಗಿಂತ ಹೆಚ್ಚು ನೋಯಿಸಿತು. ಧೈರ್ಯ ಪ್ರದರ್ಶನಕ್ಕೆಂದು ಅವಳು ಬಂದಿರಲಿಲ್ಲ. ಒಂದು ಲೆಕ್ಕ ತಂದಿದ್ದಳು. ಆ ಲೆಕ್ಕವನ್ನು ಹಿಡಿದು ಜಗ್ಗಾಡಿ ನೋಡಿ. ನೆನಪಿನ ಮೇಲೆ ನಿಂತ ದಿನಗಳನ್ನು ಎಷ್ಟು ನಂಬಬೇಕು ಎಂದು ಕೇಳಿ. ಊರು ಬಿಟ್ಟು ಬೆಂಗಳೂರಿಗೆ ಬಂದ ಮನೆಗಳನ್ನು ಎಲ್ಲಿ ಸೇರಿಸಿದೆ ಎಂದು ಕೇಳಿ. ಕೂಲಿ ಕಡಿಮೆಯಾದದ್ದು ಪಾರ್ಕಿನಿಂದಲೋ ಬರದಿಂದಲೋ ಹೇಗೆ ಬೇರ್ಪಡಿಸುತ್ತೀ ಎಂದು ಬೆವರಿಳಿಸಿ ಕೇಳಿ. ಗಟ್ಟಿ ಪ್ರಶ್ನೆ ಕೇಳುವುದೇ ಅವಳಿಗೆ ಕೊಡುವ ಮರ್ಯಾದೆ. ಅದನ್ನು ಕೇಳಲು ಅವಳ ಹತ್ತು ನಿಮಿಷ ಕೇಳಿಸಿಕೊಳ್ಳಬೇಕಿತ್ತು. ಅವಳ ಭಾಷೆಯಲ್ಲಿ ಕೇಳಿಸಿಕೊಳ್ಳಬೇಕಿತ್ತು.

ಸಮ್ಮೇಳನ ನಡೆಸುವವರಿಗೆ ನೇರವಾಗಿ ಹೇಳುತ್ತೇನೆ. ಮಕ್ಕಳಿಂದ ಶುಲ್ಕ ತೆಗೆದುಕೊಳ್ಳಬೇಡಿ, ಆ ಹನ್ನೊಂದು ಶಾಲಿನ ದುಡ್ಡಿನಲ್ಲಿ ಬಸ್ ಚಾರ್ಜು ಕೊಡಿ. ಉದ್ಘಾಟನೆ ಸಂಜೆಗೆ ಇಟ್ಟುಕೊಳ್ಳಿ, ಬೆಳಗಿನ ಹೊತ್ತು ಮಕ್ಕಳದಾಗಲಿ. ಕನ್ನಡದಲ್ಲಿ, ತುಳುವಿನಲ್ಲಿ, ಉರ್ದುವಿನಲ್ಲಿ, ತೆಲುಗಿನಲ್ಲಿ ಮಂಡಿಸುವವರಿಗೆ ಅನುವಾದಕ್ಕೊಬ್ಬರನ್ನು ಕೂರಿಸಿ. ದುಡಿದವರ ಹೆಸರು ಮೊದಲು ಬರಲಿ. ಇಷ್ಟು ಮಾಡಲು ಆಗದಿದ್ದರೆ ಸ್ವಂತ ಸಂಶೋಧನೆ ಎಂಬ ಮಾತನ್ನು ನಿಮ್ಮ ಆಹ್ವಾನ ಪತ್ರಿಕೆಯಿಂದ ಅಳಿಸಿಹಾಕಿ.

ರಾತ್ರಿ ಬಸ್ಸಿನಲ್ಲಿ ಅವಳು ಮಾತಾಡಲಿಲ್ಲ. ಮಧುಗಿರಿ ದಾಟಿದ ಮೇಲೆ, ಅಂಗಡಿ ಪುಸ್ತಕದ ವಿಷಯ ಹೇಳ್ಬೇಕಿತ್ತು ಸಾರ್ ಎಂದಳು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆಮೇಲಿನ ಭಾನುವಾರ ಅವಳ ಕೇರಿಗೆ ಹೋದೆ. ಮಾರಮ್ಮನ ಗುಡಿಯ ಮುಂದಿನ ಕಟ್ಟೆಯ ಮೇಲೆ ಹೆಂಗಸರು ಸೇರಿದ್ದರು. ಅವಳು ಬೆಂಗಳೂರಿನಲ್ಲಿ ಹೇಳಲಾಗದ್ದನ್ನು ತೆಲುಗಿನಲ್ಲಿ ಮೊದಲಿಂದ ಕೊನೆಯವರೆಗೆ ಹೇಳಿದಳು, ಅಂಗಡಿಯ ಪುಸ್ತಕವನ್ನೂ ಸೇರಿಸಿ. ಒಂದು ಗಂಟೆಗೂ ಮೇಲೆ ಹಿಡಿಯಿತು. ಯಾರೂ ಏಳಲಿಲ್ಲ. ಮುಗಿದ ಮೇಲೆ ಕಟ್ಟೆಯ ಮೂಲೆಯಲ್ಲಿದ್ದ ಒಬ್ಬ ಅಜ್ಜಿ ಕೇಳಿತು: “ಕೂಲಿ ದಿನ ಎಲ್ಲಾ ಬರ್ಕೊಂಡಿದೀಯ ಸರಿ. ಕಡ್ಲೇಕಾಯಿ ಕಿತ್ತ ಮೇಲೆ ಹೊಲದಲ್ಲಿ ಹಕ್ಕಲು ಆಯ್ತಿದ್ವಲ್ಲ, ವರ್ಷಪೂರ್ತಿ ಚಟ್ನಿಗೆ ಆಗ್ತಿತ್ತು, ಅದೆಲ್ಲಿ ಬರ್ದಿದೀಯ?”

ಅವಳು ಪುಟ ತಿರುವಿ ನೋಡಿದಳು. ಬರೆದಿರಲಿಲ್ಲ. ನಾವಿಬ್ಬರೂ ಇಂಗ್ಲಿಷ್ ಸಿಗದೆ ತೆಗೆದುಹಾಕಿದ ವಾಕ್ಯದಲ್ಲಿ ಹಕ್ಕಲು ಎಂಬ ಮಾತು ಒಮ್ಮೆ ಬಂದಿತ್ತು. ಅದನ್ನು ಅಳೆಯಬೇಕು ಎಂದು ಇಬ್ಬರಿಗೂ ಹೊಳೆದಿರಲಿಲ್ಲ. ಅಜ್ಜಿ ಸೇರುಗಟ್ಟಲೆ ಲೆಕ್ಕ ಹೇಳತೊಡಗಿತು. ಪಕ್ಕದವಳು, ಇಲ್ಲ, ನಮ್ಮನೆಗೆ ಅಷ್ಟು ಸಿಗ್ತಿರಲಿಲ್ಲ ಎಂದು ಜಗಳಕ್ಕೆ ನಿಂತಳು.

ಹುಡುಗಿ ಸ್ಕೇಲ್ ತೆಗೆದು ನೋಟ್‌ಬುಕ್ಕಿನ ಪುಟದಲ್ಲಿ ಇನ್ನೊಂದು ಗೆರೆ ಎಳೆದಳು. ಮೇಲೆ ಕನ್ನಡದಲ್ಲಿ ‘ಹಕ್ಕಲು’ ಎಂದು ಬರೆದಳು.

“ಮೊದಲನೇ ಮನೆಯಿಂದ ಮತ್ತೆ ಹೋಗ್ಬೇಕು ಸಾರ್” ಎಂದಳು.